ಕಾಡುಕೋಣದ ಸಂಬಂಧ

“ಥೂ, ಅಣ್ಣ ತಂಗಿ ಕಣೇ ಅವು! ಒಂದೇ ಒಟ್ಟೇಲಿ ಉಟ್ಟವ್ನ ಜೋಡಿ ಮಾಡಾಕೆ ಒಂದೇ ಕೊಟ್ಗೇಲಿ ಕೂಡಾಕಿದ್ದೀಯಲ್ಲ, ಬುದ್ಧಿ ಇಲ್ವಾ ನಿಂಗೆ?”

ಮರಿತಾಯಮ್ಮ ಸುಲಿಯುತ್ತಿದ್ದ ಅವರೆಕಾಯಿಯನ್ನು ಮೊರದಲ್ಲೇ ಬಿಟ್ಟು ಮೊಮ್ಮಗಳ ಲ್ಯಾಪ್‌ಟಾಪಿನ ಕಡೆ ಬಾಗಿದರು. ಭಾರತೀನಗರದ ಕಾಲೇಜಿಗೆ ಅಂದು ರಜೆ. ನಾಗಶ್ರೀ ಬೆಳಗಿನಿಂದ ಜಗುಲಿಯಲ್ಲಿ ಕೂತು ಊರು ಕಟ್ಟುವ ಆಟ ಆಡುತ್ತಿದ್ದಳು. ಕಾಡಿನ ನಡುವೆ ನಾಲ್ಕೇ ಜನರ ಊರು. ಅವರೇ ಬಿತ್ತಬೇಕು, ಬೆಳೆಯಬೇಕು, ಕಾಡುಪ್ರಾಣಿ ಹಿಡಿದು ಪಳಗಿಸಿ ಸಾಕಬೇಕು. ಮೈತುಂಬ ಉಣ್ಣೆಯಿದ್ದ ಎಮ್ಮೆಯೊಂದನ್ನು ಅವರು ಹಿಡಿದು ತಂದಿದ್ದರು. ಅದು ಎರಡು ಕರು ಹಾಕಿ ಸತ್ತಿತ್ತು. ಕರುಗಳು ಈಗ ಬೆಳೆದು ನಿಂತಿದ್ದವು. ಹಿಮ ಬೀಳುವ ಮುಂಚೆ ಹೆಣ್ಣು ಗಬ್ಬವಾಗದಿದ್ದರೆ ಊರಿಗೆ ಹಾಲಿಲ್ಲ. ಹಾಲಿಲ್ಲದೆ ಆ ಜನ ಚಳಿಗಾಲ ದಾಟುವಂತಿರಲಿಲ್ಲ.

“ಅಜ್ಜಿ, ಕಂಪ್ಯೂಟ್ರು ಅದೆಲ್ಲ ನೋಡಲ್ಲ, ಒಪ್ಕತದೆ.”

“ಅದು ಒಪ್ಕಂಡ್ರೆ ಆಯ್ತಾ? ನಾನ್ ಒಪ್ಪಾಕಿಲ್ಲ. ಸೋದರಮಾವ ಆಗಿದ್ರೆ ಬ್ಯಾರೆ ಮಾತು. ಆಚೆಯಿಂದ ಗಂಡು ತತ್ತಾ.”

“ಜಾತಕನೂ ತರ್ಸ್ಲಾ?”

“ತರ್ಸುವಂತೆ. ಮೊದ್ಲು ಗಂಡು ತೋರ್ಸು.”

ಕಾಡಿನಂಚಿನಲ್ಲಿ ಕೋಣವೊಂದು ಒಂಟಿಯಾಗಿ ಮೇಯುತ್ತಿತ್ತು. “ಆಹಾ, ಏನ್ ಮೈಕಟ್ಟು! ಇವ್ನೇ ಇರ್ಲಿ,” ಎಂದರು ಮರಿತಾಯಮ್ಮ. ನಾಗಶ್ರೀಯ ನಗು ನಿಂತಿತು.

“ಪಳಗ್ಸಾಕೆ ಹೋದೋರ್ನ ಅದು ತಿವಿದ್ರೂ ತಿವೀತದೆ ಅಜ್ಜಿ. ಆ ಕೆಲ್ಸ ಬರೋದು ಇಲ್ಲಿ ಒಬ್ರಿಗೇ. ಅವರು ಸತ್ರೆ ಮತ್ತೆ ಬರಲ್ಲ.”

“ಯಾರದು?”

ನಾಗಶ್ರೀ ನೀಲಿ ಅಂಗಿಯ ಪುಟ್ಟ ಆಕೃತಿಯ ಮೇಲೆ ಮೌಸಿನ ಬಾಣವನ್ನು ನಿಲ್ಲಿಸಿದಳು. ಅವಳೇ ಇಟ್ಟ ಹೆಸರು ಮೂಡಿತು: ದೊಡ್ಡಸಿದ್ದಯ್ಯ. ಮರಿತಾಯಮ್ಮನಿಗೆ ಅಷ್ಟು ಓದಲು ಬರುತ್ತಿತ್ತು. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರಿದ್ದಾಗಲೂ ಆ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಈಗ ಮೆಲ್ಲನೆ ಬೆರಳಿನಿಂದ ಮುಟ್ಟಿದರು.

“ಬ್ಯಾಡ ಬುಡಜ್ಜಿ. ಅಣ್ಣ ತಂಗೀನೇ ಇರ್ಲಿ.”

ಮರಿತಾಯಮ್ಮ ಬೆರಳು ತೆಗೆದು ಸೆರಗು ಸರಿಮಾಡಿಕೊಂಡರು. ಆಮೇಲೆ, “ಅಡ್ಡದಾರಿ ಇಡ್ಯಾದು ಅವ್ರಿಗೂ ಆಗ್ತಿರ್ನಿಲ್ಲ. ಮನೇಲಿ ಕುಂತ್ಕಳೋ ಗಂಡ್ಸೂ ಅಲ್ಲ. ಓಗ್ಲಿ,” ಎಂದು ಕೈಮುಗಿದರು. “ಮುತ್ತತ್ತಿರಾಯ, ಜೊತೇಲಿರಪ್ಪ.”

ನೀಲಿ ಅಂಗಿ ಹುಲ್ಲಿನ ಹೊರೆ ಹಿಡಿದು ನಡೆಯಿತು. ಮೊದಲ ಸಲ ಹುಲ್ಲು ಚಾಚಿದಾಗ ಕೋಣ ಮುಖ ತಿರುಗಿಸಿತು. ಎರಡನೆಯ ಸಲ ಕೊಂಬು ತಗ್ಗಿಸಿತು.

“ಇಂದುಕ್ ಬನ್ನಿ! ಇಂದುಕ್ ಬನ್ನಿ ಅಂದ್ರೆ!”

ಮರಿತಾಯಮ್ಮನ ಕೂಗಿಗೆ ಪಕ್ಕದ ಮನೆಯ ಇಂದ್ರಮ್ಮ ಗೋಡೆಯ ಮೇಲಿಂದ ಇಣುಕಿದರು. “ಯಾರ್ನೇ ಕರೀತಿದ್ದೀ ಮರಿತಾಯಿ?”

“ನಮ್ಮೋರ್ನ ಕಣೇ! ಕ್ವಾಣ ಇಡಿಯಾಕೋಗವ್ರೆ!”

ಇಂದ್ರಮ್ಮ ಗಾಬರಿಯಿಂದ, ಸೌಟು ಹಿಡಿದೇ ಓಡಿಬಂದರು. ನೀಲಿ ಅಂಗಿ ಹಿಂದೆ ಸರಿಯಲಿಲ್ಲ. ಮತ್ತೆ ಹುಲ್ಲು ಚಾಚಿತು. ಕೋಣ ಮೂಸಿತು, ಬಾಯಿ ಹಾಕಿತು, ಕೊನೆಗೆ ನೀಲಿ ಅಂಗಿಯ ಬೆನ್ನಿಗೇ ಊರಿನ ಕಡೆ ಹೊರಟಿತು. ನಾಗಶ್ರೀ ಚಪ್ಪಾಳೆ ತಟ್ಟಿ ಅಣ್ಣ ಕೋಣವನ್ನು ಬೇರೆ ಕೊಟ್ಟಿಗೆಗೆ ಕಳಿಸಿ, ಹೊಸಬನನ್ನು ಹೆಣ್ಣಿನ ಜೊತೆ ಬಿಟ್ಟಳು. ವಿಷಯ ತಿಳಿದ ಇಂದ್ರಮ್ಮ ಅಲ್ಲೇ ಕೂತುಬಿಟ್ಟರು.

“ಸಂಬಂಧ ಏನೋ ಕುದುರ್ತು. ಎಣ್ಣಿನ ಕಡೆಯೋರು ಬೀಗರೂಟ ಆಕ್ಸೋದು ಯಾವಾಗ?”

“ನೀನು ಉಡುಗೊರೆ ಓದುಸ್ದಾಗ!”

ಮೂವರೂ ನಗುತ್ತಿರುವಾಗಲೇ ಹೆಣ್ಣಿನ ಪಕ್ಕದಲ್ಲಿ ಗಬ್ಬದ ಗುರುತು ಮೂಡಿತು. ಮರಿತಾಯಮ್ಮ ಪರದೆಗೇ ನೆಟಿಕೆ ಮುರಿದು ದೃಷ್ಟಿ ತೆಗೆದರು.

“ಬ್ಯಾಟ್ರಿ ಮುಗೀತಾ ಅದೆ, ಆಫ್ ಮಾಡ್ತೀನಿ,” ಎಂದಳು ನಾಗಶ್ರೀ.

ಆಟದ ಊರಿನಲ್ಲಿ ಹಿಮ ಬೀಳತೊಡಗಿತ್ತು. ನೀಲಿ ಅಂಗಿ ಒಳಗೆ ಬಂದು ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು ಕೂತಿತು. ಮರಿತಾಯಮ್ಮ ಮೊಮ್ಮಗಳ ಕೈ ಹಿಡಿದರು.

“ತಾಳು, ಉಂಡ್ಬುಡ್ಲಿ.”

ತಟ್ಟೆ ಬರಿದಾಗುವವರೆಗೆ ಮೂವರೂ ಪರದೆಯ ಮುಂದೆ ಕೂತಿದ್ದರು.