ಅಧ್ಯಕ್ಷರ ಚೌಕ

“ಈ ಪಟದಲ್ಲಿ ನಾನೆಲ್ಲಿವ್ನಿ ಅಂತ ಕೇಳ್ತಿವ್ನಿ, ಬಾಯ್ಬುಡು ಕೂಸೆ! ಅವಲಕ್ಕಿ ತುಂಬ್ಕಂಡಿದ್ದೀಯೇನು?”

ಮಸಿನಗುಡಿಯ ಜೀಪ್ ಚಾಲಕರ ಸಂಘದ ಅಧ್ಯಕ್ಷ ಮಾದಪ್ಪ ಮೇಜು ಗುದ್ದಿದ. ಲೋಟದ ಟೀ ತುಳುಕಿತು. ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಸುನೀತಾ ಅವನ ತಮ್ಮನ ಮಗಳು. ಅವಳು ಪರದೆಯಿಂದ ಕಣ್ಣೆತ್ತಲಿಲ್ಲ.

“ಇಲ್ಲ ದೊಡ್ಡಪ್ಪ. ಖಾಯಂ ಮಾಡೋ ಪಟದಲ್ಲಿ ನೀವಿಲ್ಲ.”

ಈ ಹುಚ್ಚನ್ನು ಊರಿಗೆ ತಂದವನು ಮಾದಪ್ಪನೇ. ಊಟಿಯಲ್ಲಿ ಯಾವುದೋ ತರಬೇತಿಗೆ ಹೋಗಿ ಬಿರಿಯಾನಿ ತಿಂದು ಬಂದವನು, “ಸಂಘ ಹೆಂಗಿರ್ಬೇಕು ಅಂತ ಬಾಯಲ್ಲಿ ಹೇಳೂದಲ್ಲ, ಮಾಡಿ ನೋಡಿ ಕಲೀಬೇಕು” ಎಂದು ಭಾಷಣ ಬಿಗಿದಿದ್ದ. ಸುನೀತಾ ಒಂದು ಸಾಫ್ಟ್‌ವೇರ್ ಹಾಕಿದಳು. ಅದರಲ್ಲಿ ಒಬ್ಬೊಬ್ಬರಿಗೂ ಒಂದು ಚೌಕ. ಚೌಕಗಳನ್ನು ಮೇಲೆ ಕೆಳಗೆ ಎಳೆದಿಟ್ಟು ಗೆರೆ ಕೂಡಿಸಿದರೆ ಸಂಘದ ಪಟ ಸಿದ್ಧ; ಯಾರು ಯಾರನ್ನು ಕೇಳಿ ಗಾಡಿ ತೆಗೆಯಬೇಕೆಂಬುದು ಎಲ್ಲರ ಫೋನಿಗೂ ಹೋಗುತ್ತದೆ. ವಾರಕ್ಕೊಂದು ಏರ್ಪಾಟು ಮಾಡಿ ನೋಡುವುದು. ಮೊದಲ ದಿನವೇ ಮಾದಪ್ಪ ಒಂದು ಕಟ್ಟಳೆ ಹಾಕಿಸಿದ್ದ: ಅಧ್ಯಕ್ಷ ಒಪ್ಪಿಗೆ ಒತ್ತದೆ ಯಾರ ಚೌಕವನ್ನೂ ಅಳಿಸುವಂತಿಲ್ಲ.

ಮೊದಲ ವಾರ ಎಲ್ಲ ಬಾಡಿಗೆಗೂ ಅವನ ಒಪ್ಪಿಗೆ. ಅವನು ಮುದ್ದೆ ಉಂಡು ಮಲಗಿದ ಹೊತ್ತಿನಲ್ಲಿ ಪ್ರವಾಸಿಗರು ಕಾದು ಕಾದು ಬೇರೆ ಗಾಡಿ ಹತ್ತಿ ಕಲ್ಲಟ್ಟಿ ಕಡೆ ಹೋದರು. ಮರುವಾರ ಡ್ರೈವರ್ ಜಗದೀಶನನ್ನು ಮೇಲಿಟ್ಟರು. ಅದುವರೆಗೆ ಹಗಲು ಕಣ್ಣು ಮುಚ್ಚದಿದ್ದವನು, ಮೇಲಿನ ಚೌಕ ಸಿಕ್ಕ ದಿನದಿಂದ ಮುದ್ದೆ ಉಂಡು ಮಲಗತೊಡಗಿದ. ಮೂರನೇ ವಾರ ಮೇಲೆ ಯಾರೂ ಇಲ್ಲ. ಸರದಿಯಲ್ಲಿ ಮುಂದಿದ್ದವನು ಗಾಡಿ ತೆಗೆಯುವುದು. ನಿಲ್ದಾಣದಲ್ಲಿ ಒಂದು ಜೀಪೂ ಸುಮ್ಮನೆ ನಿಲ್ಲಲಿಲ್ಲ.

“ಅದ್ನೇ ಖಾಯಂ ಮಾಡು ಅಂತ ಎಲ್ಲಾ ಡ್ರೈವರ್ರೂ ಹೇಳ್ತಾವ್ರೆ,” ಎಂದಳು ಸುನೀತಾ.

“ಹಂಗಾರೆ ಇಷ್ಟು ವರ್ಸ ನಾನೇನ್ ಕತ್ತೆ ಕಾಯ್ತಿದ್ನಾ?”

“ಕತ್ತೆ ಕಾದಿದ್ರೆ ಎದ್ದಾದ್ರೂ ಇರ್ತಿದ್ರಿ, ತಲೈವರೇ,” ಬಾಗಿಲಲ್ಲಿ ನಿಂತಿದ್ದ ಜಗದೀಶ ಹಲ್ಲು ಕಿರಿದ.

“ನೀನೂ ಮಲಗಿದ್ದೆ ಕಣ್ಲಾ!”

“ಅದ್ಕೇ ಇಳ್ದೆ.”

ಸುನೀತಾ ಖಾಯಂ ಮಾಡುವ ಗುಂಡಿ ಒತ್ತಿದಳು. ಮಾದಪ್ಪನ ಜೇಬಿನಲ್ಲಿ ಫೋನ್ ಕಿಣಿಗುಟ್ಟಿತು. ಕನ್ನಡಕ ಏರಿಸಿ ಓದಿದ: ಮಾದಪ್ಪ ಅವರ ಚೌಕವನ್ನು ಅಳಿಸಲು ಅಧ್ಯಕ್ಷ ಮಾದಪ್ಪ ಅವರ ಒಪ್ಪಿಗೆ ಬೇಕಾಗಿದೆ.

ಅವನ ಮುಖ ಅರಳಿತು. “ಒತ್ತಲ್ಲ ಕಣ್ರೋ! ಸಾಯೋಗಂಟ ಒತ್ತಲ್ಲ! ನಾನೇ ಅಧ್ಯಕ್ಷ! ನಾನಿಲ್ದೆ ಹೆಂಗ್ ನಡುಸ್ತೀರೋ ನಡುಸ್ರಿ. ನೀವಾಗೇ ಬಂದು ಕರೆಯೋಗಂಟ ಈ ಮೆಟ್ಲು ತುಳಿಯಲ್ಲ!”

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ರಸ್ತೆಗೆ ಬಂದು, ಚಪ್ಪಲಿಗೆ ಕಲ್ಲು ಸಿಕ್ಕಿತೆಂಬಂತೆ ನಿಂತ. ಹಿಂದಿನಿಂದ ಯಾರೂ ಕೂಗಲಿಲ್ಲ. ಜೀಪುಗಳು ಒಂದರ ಹಿಂದೊಂದು ಬಂದವು. “ನಮಸ್ಕಾರ ಅಧ್ಯಕ್ಷರೇ!” ಎಂದು ಡ್ರೈವರುಗಳು ಕೈಯೆತ್ತಿದರು. ಯಾರೂ ನಿಲ್ಲಿಸಲಿಲ್ಲ, ಎಲ್ಲವೂ ತುಂಬಿದ್ದವು. ಧೂಳು ಕುಡಿಯುತ್ತ ಮನೆವರೆಗೂ ನಡೆದ.

ಅವನು ಒಪ್ಪಿಗೆ ಒತ್ತಲೂ ಇಲ್ಲ, ತಿರುಗಿ ಸಂಘಕ್ಕೆ ಬರಲೂ ಇಲ್ಲ. ಪಟದಲ್ಲಿ ಅವನ ಚೌಕ ಇವತ್ತಿಗೂ ಎಲ್ಲರಿಗಿಂತ ಮೇಲಿದೆ. ಅದರಿಂದ ಕೆಳಕ್ಕೆ ಗೆರೆಗಳಿಲ್ಲ.