ಸೈರಾಳ ಒಂಬತ್ತು ಕಾಳು

ಊರಿಗೆ ಹೊಸ ಸಾರ್ವಜನಿಕ ಸ್ನಾನದ ಮನೆ ಬಂದರೂ ಬುರುಲ್ ಅದರ ಹೊಸ್ತಿಲು ತುಳಿಯಲಿಲ್ಲ. ಹಿಂದಿನ ವರ್ಷದ ಊರಸಭೆಯಲ್ಲಿ ಮತಕ್ಕೆ ಎತ್ತಿದ ಕೈಗಳನ್ನು ಎಣಿಸಿದವಳು ಅವಳೇ, ಶಾಲೆಯ ಲೆಕ್ಕದ ಟೀಚರ್. ಸ್ನಾನದ ಮನೆಗೆ ಮೂವತ್ತೊಂದು. ಗುಡ್ಡದಡಿಯ ನಾಲ್ಕು ಮನೆಗಳನ್ನು ಕಾಯುವ ತಡೆಗೋಡೆಗೆ ಏಳು. ಆ ಮನೆಗಳಲ್ಲೊಂದರ ಸೈರಾ, ಬುರುಲ್‌ಳ ಗೆಳತಿ, ಗೋಡೆಗಾಗಿ ಎರಡೂ ಕೈ ಎತ್ತಿದ್ದಳು.

"ಒಂದು ಇಳಿಸೇ, ಒಬ್ರಿಗೆ ಒಂದೇ!" ಎಂದು ಬುರುಲ್ ನಕ್ಕಿದ್ದಳು.

ವಸಂತದಲ್ಲಿ ಹಿಮ ಕರಗಿ ಗುಡ್ಡದಿಂದ ಕೆಸರು ನುಗ್ಗಿತು. ಸೈರಾ ಮನೆಯೊಳಗೇ ಇದ್ದಳು.

ಅಂದಿನಿಂದ ತರಗತಿಯಲ್ಲಿ ಮಕ್ಕಳು ಕೈಯೆತ್ತಿದರೆ ಸಾಕು, ಹಿಂದಿನ ಬೆಂಚಿನಾಚೆ ಕೆಸರು ಮೆತ್ತಿದ ಎರಡು ಕೈ ಮೇಲೇಳುತ್ತಿದ್ದವು. ಬುರುಲ್ ಬೋರ್ಡಿನತ್ತ ತಿರುಗಿ ನಿಲ್ಲುತ್ತಿದ್ದಳು.

ಶರತ್ಕಾಲದ ಸಭೆಗೆ ಅವಳು ಒಂದು ಮೂಟೆ ಬೀನ್ಸ್ ಕಾಳು ಹೊತ್ತು ಬಂದಳು. "ತಲೆಗೆ ಒಂಬತ್ತು ಕಾಳು. ಒಂದು ಕೆಲಸಕ್ಕೆ ಒಂದು ಕಾಳಿಟ್ರೆ ಒಂದು ಮತ, ನಾಲ್ಕಿಟ್ರೆ ಎರಡು, ಒಂಬತ್ತೂ ಸುರಿದ್ರೆ ಮೂರು. ಯಾರಿಗೆ ಎಷ್ಟು ಉರೀತಿದೆ ಅಂತ ತಿಳೀಬೇಕಲ್ವಾ?"

"ಮತಾನೋ, ಸಾರೋ?" ಎಂದು ಹಿರಿಯ ಎಸೆನ್ ಛೇಡಿಸಿದ. ಆದರೂ ತಡೆಯಲಿಲ್ಲ, ಸೈರಾಳ ಶವ ಎತ್ತಿದವರಲ್ಲಿ ಅವನೂ ಒಬ್ಬ.

ಎಸೆನ್ ಹೆಸರಿನ ಪಟ್ಟಿ ಓದತೊಡಗಿದ. ಈ ಸಲ ಆಯ್ಕೆಗಿದ್ದದ್ದು ಬೀದಿದೀಪ, ಊರ ಕ್ಲಬ್ಬಿನ ಸೂರು, ತಡೆಗೋಡೆ. ಹೆಚ್ಚಿನವರು ಬೀದಿದೀಪಕ್ಕೆ ನಾಲ್ಕು, ಕ್ಲಬ್ಬಿನ ಸೂರಿಗೆ ನಾಲ್ಕು, ಗೋಡೆಗೊಂದು ಎಂದು ಹಂಚಿದರು. ಗುಡ್ಡದಡಿಯವರು ಒಂಬತ್ತನ್ನೂ ಗೋಡೆಗೇ ಸುರಿದರು. ಪಟ್ಟಿ ಹಳೆಯದಾಗಿತ್ತು. ಎಸೆನ್ ಓದಿಯೇಬಿಟ್ಟ: "ಸೈರಾ."

ಅವಳ ಗಂಡ ತುರಾತ್ ಎದ್ದ. ವಸಂತದಿಂದ ಅವನು ಯಾರೊಡನೆಯೂ ಮಾತಾಡಿರಲಿಲ್ಲ. ಗೋಡೆ ಕಾಯಬೇಕಾದ ಮನೆಯೂ ಅವನಿಗೆ ಉಳಿದಿರಲಿಲ್ಲ. ತನ್ನ ಕಾಳನ್ನು ಆಗಲೇ ಗೋಡೆಗೆ ಹಾಕಿದ್ದ. ಈಗ ಬುರುಲ್‌ಳ ಮುಂದೆ ಅಂಗೈ ಚಾಚಿದ.

"ಅವಳದ್ದು ಕೊಡಕ್ಕಾ."

ನಿಯಮದಲ್ಲಿ ಅದಿರಲಿಲ್ಲ. ಬುರುಲ್ ಎಣಿಸಿ ಒಂಬತ್ತು ಕಾಳು ಕೊಟ್ಟಳು.

ಕೊನೆಗೆ ದೀಪಕ್ಕಿಂತ ಎರಡು ಮತ ಹೆಚ್ಚಾಗಿ ಗೋಡೆ ಗೆದ್ದಿತು. ಸತ್ತವಳ ಮತ ಮೂರು ಎಂಬುದು ಬುರುಲ್‌ಗೆ ಗೊತ್ತಿತ್ತು, ಎಸೆನ್‌ಗೂ.

"ಲೆಕ್ಕ ಸರಿಯಿದೆಯಾ, ಟೀಚರ್?" ಎಂದು ಎಸೆನ್ ಕೇಳಿದ.

ಬುರುಲ್ ಕಾಳುಗಳನ್ನು ಮೂಟೆಗೆ ಸುರಿದಳು. "ಸರಿಯಿದೆ."

ಎಸೆನ್ ಅವಳ ಮುಖವನ್ನೊಮ್ಮೆ ನೋಡಿ, ಪಟ್ಟಿ ಮಡಚಿ ಜೇಬಿಗಿಟ್ಟ. "ಹಾಗಾದ್ರೆ ಆಯ್ತು."

ಹಿಮ ಬೀಳುವ ಮುಂಚೆ ಊರೆಲ್ಲ ಸೇರಿ ಗೋಡೆ ಕಟ್ಟಿತು. ತುರಾತ್ ತನ್ನ ಮನೆಯ ಅಡಿಪಾಯದ ಕಲ್ಲುಗಳನ್ನೇ ಕಿತ್ತು ತಂದ. ಒಂದನ್ನು ಎತ್ತಲಾಗದೆ ನಿಂತಾಗ ಬುರುಲ್ ಇನ್ನೊಂದು ತುದಿ ಹಿಡಿದಳು.

"ಭಾರ ಇದೆ, ಬಿಡಕ್ಕಾ," ಎಂದ ಅವನು.

ಅವಳು ಬಿಡಲಿಲ್ಲ.