ಒಳಗಿನ ತೇಪೆ

ಗುಫ್ರಾನ್ ಗೋಣಿಚೀಲಗಳನ್ನು ಒಂದೊಂದಾಗಿ ಎಳೆದು ತೆಗೆದ. ಕಮಲಾಪುರದ ಆ ಬಾಳೆಮಂಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಡಬಲ್ ಬಾಸ್, ವಿಜಯಶ್ರೀಗಿಂತ ಒಂದು ಗೇಣು ಎತ್ತರವಿತ್ತು. ಪಿಟೀಲಿನದೇ ಆಕಾರ, ಆದರೆ ನಿಂತು, ತೋಳು ಚಾಚಿ, ತಬ್ಬಿಕೊಂಡು ಬಾರಿಸಬೇಕಾದಷ್ಟು ದೊಡ್ಡದು.

"ನಮ್ಮ ಅಬ್ಬಾಂದು ಇದು. ನಾಲ್ಕ ಗಂಟೇಕ್ಕ ಬೆಂಗಳೂರಿಂದ ಇನ್ನೊಬ್ರು ಬರ್ತಾರ್ರಿ," ಎಂದ ಗುಫ್ರಾನ್. "ಹೋಟೆಲ್ ಕಟ್ಟಾಕತ್ತಾರಂತ. ಬಾಗಿಲ ಮುಂದ ಶೋಕಿಗಿ ನಿಲ್ಲಸ್ತಾರಂತ. ಅವರಿಗಿ ಬಾರಸೂದು ಏನೂ ಬೇಕಾಗಿಲ್ಲ. ನೀವು ನೋಡೂದು ಅಷ್ಟರೊಳಗ ನೋಡ್ರಿ."

ಆಗಲೇ ಎರಡೂವರೆಯಾಗಿತ್ತು.

ವಿಜಯಶ್ರೀ ಕಲಬುರಗಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ಹೈದರಾಬಾದಿನಲ್ಲಿ ಓದುವಾಗ ಕಲಿತ ಈ ವಾದ್ಯದ ಹುಚ್ಚು ಅವಳನ್ನು ಬಿಟ್ಟಿರಲಿಲ್ಲ. ತಿಂಗಳಿಗೆರಡು ಶನಿವಾರ ರೈಲು ಹತ್ತಿ ಹೋಗಿ ಅಲ್ಲಿಯ ಒಂದು ವಾದ್ಯವೃಂದದ ಜೊತೆ ಬಾರಿಸುತ್ತಿದ್ದಳು. ಬಾರಿಸುತ್ತಿದ್ದುದು ಸಂಗೀತಶಾಲೆಯ ಬಾಸ್. ಶಾಲೆಯವರು ಅದನ್ನು ವಾಪಸು ಕೇಳಿದ್ದರು. ಡಿಸೆಂಬರಿನ ಕಾರ್ಯಕ್ರಮಕ್ಕೆ ಸ್ವಂತ ವಾದ್ಯವಿದ್ದರೆ ಬನ್ನಿ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದು ವೃಂದದ ಹಿರಿಯರು ಮೆತ್ತಗೆ ಹೇಳಿದ್ದರು.

ಜೊತೆಗೆ ಬಂದಿದ್ದವನು ಜಹಾಂಗೀರ್. ಮೋಮಿನಪುರದಲ್ಲಿ ಹಾರ್ಮೋನಿಯಂ, ಸಿತಾರು ರಿಪೇರಿಯ ಅಂಗಡಿ. ಅರವತ್ತರ ಮೇಲಿನ ವಯಸ್ಸು. ಹುಡುಗನಾಗಿದ್ದಾಗ ಹೈದರಾಬಾದಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಕಲಿತವನು. ಇಡೀ ಜಿಲ್ಲೆಯಲ್ಲಿ ಬಾಸಿನ ಹೊಟ್ಟೆಯೊಳಗೆ ಕೈಹಾಕಿ ಗೊತ್ತಿದ್ದವನು ಅವನೊಬ್ಬನೇ.

ವಿಜಯಶ್ರೀ ಮೊದಲು ಮುಂಭಾಗದ ನಾದರಂಧ್ರದ ಅಂಚಿಗೆ ಟಾರ್ಚು ಹಿಡಿದಳು. ಪ್ಲೈವುಡ್ ಆಗಿದ್ದರೆ ಅಲ್ಲಿ ಪದರಗಳು ಕಾಣಬೇಕು. ಕಾಣಲಿಲ್ಲ. ಮೇಲಿನ ಗೆರೆಗಳೇ ಅಂಚು ದಾಟಿ ನೇರವಾಗಿ ಒಳಗಿಳಿದಿದ್ದವು. ಇಡೀ ಹಲಗೆಯಿಂದ ಕೆತ್ತಿದ್ದು. ಒಳಗಿನ ಹಳದಿ ಚೀಟಿಯ ಮೇಲೆ ಜರ್ಮನಿಯ ಒಂದು ಊರಿನ ಹೆಸರು, ಅರ್ಧ ಅಳಿಸಿದ ಇಸವಿ. ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು, ಅದನ್ನವಳು ನಂಬಲಿಲ್ಲ. ಆದರೆ ತಲೆಯ ಸುರುಳಿಯ ಕೆತ್ತನೆ, ತಂತಿ ಬಿಗಿಯುವ ಸವೆದ ಹಿತ್ತಾಳೆಯ ತಿರುಗಣಿ, ಹೆಬ್ಬೆರಳು ಉಜ್ಜಿ ಉಜ್ಜಿ ಬಣ್ಣ ಹೋದ ಕತ್ತು ಇವೆಲ್ಲ ಸುಳ್ಳು ಹೇಳುತ್ತಿರಲಿಲ್ಲ. ಗುಫ್ರಾನ್ ಹೇಳಿದ್ದ ಬೆಲೆಗೆ ಇಂಥದ್ದು ಸಿಗುವುದುಂಟೆ? ಎಲ್ಲಿಯೋ ಏನೋ ಐಬು ಇರಲೇಬೇಕು.

"ಚಾಚಾ, ಒಳಗ ನೋಡ್ರಿ."

ಜಹಾಂಗೀರ್ ದಂತವೈದ್ಯರ ಕನ್ನಡಿಯಂಥದ್ದನ್ನು ರಂಧ್ರದೊಳಗೆ ಇಳಿಬಿಟ್ಟ. ಟಾರ್ಚು ತಿರುಗಿಸಿದ. ಒಂದು ಜಾಗಕ್ಕೆ ಬಂದು ಕನ್ನಡಿ ನಿಂತಿತು. ಬಹಳ ಹೊತ್ತು ಅಲ್ಲಿಯೇ ನಿಂತಿತು.

"ಬ್ಯಾಡ, ಬಿಡ್ರಿ," ಎಂದ, ಕನ್ನಡಿ ಹೊರಗೆಳೆಯುತ್ತ. "ಹೋಗಮಿ ನಡೀರಿ."

"ಯಾಕ? ಏನದ ಒಳಗ?"

"ಮಾಲು ಸುಮಾರ್ ಅದ. ನಡೀರಿ."

ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಅವನು ಆಗಲೇ ಬಾಗಿಲ ಕಡೆ ತಿರುಗಿದ್ದ. ಆರು ವರ್ಷದ ಪರಿಚಯದಲ್ಲಿ ಕಾರಣ ಹೇಳದೆ ಅವನು ಒಂದು ತಂತಿಯನ್ನೂ ಬಿಚ್ಚಿದವನಲ್ಲ. ವಿಜಯಶ್ರೀ ಮಾತಾಡದೆ ತನ್ನ ಫೋನಿನ ದೀಪ ಹಚ್ಚಿ, ರಂಧ್ರದೊಳಗೆ ತೂರಿಸಿ, ಅಂದಾಜಿನ ಮೇಲೆ ನಾಲ್ಕೈದು ಚಿತ್ರ ತೆಗೆದಳು.

ಮೂರನೆಯ ಚಿತ್ರದಲ್ಲಿ ಸಿಕ್ಕಿತು. ಮೇಲ್ಹಲಗೆಗೂ ಬೆನ್ನಿಗೂ ನಡುವೆ ನಿಲ್ಲುವ ಕಂಬದ ತಲೆಯ ಹತ್ತಿರ ಅಂಗೈಯಗಲದ ತೇಪೆ, ಅದರಡಿಯಿಂದ ಹೊರಟ ಕೂದಲಿನಂಥ ಬಿರುಕು. ಬಾಸಿಗೆ ಅದಕ್ಕಿಂತ ಕೆಟ್ಟ ಜಾಗದಲ್ಲಿ ಬಿರುಕು ಬರುವುದು ಸಾಧ್ಯವಿಲ್ಲ. ತೇಪೆಯ ಮೇಲೆ ಪೆನ್ಸಿಲ್ಲಿನಲ್ಲಿ ಉರ್ದು ಅಕ್ಷರ. ಅವಳಿಗೆ ಉರ್ದು ಓದಲು ಬರುತ್ತಿರಲಿಲ್ಲ.

ಗುಫ್ರಾನನಿಗೆ ಬರುತ್ತಿತ್ತು. ಅವನು ಎರಡು ಹೆಜ್ಜೆ ದೂರದಲ್ಲಿ ನಿಂತು "ಏನ್ ಸಿಗ್ತು?" ಎಂದು ಕೇಳುತ್ತಿದ್ದ.

ಅವಳು ಜಹಾಂಗೀರನ ಮುಖ ನೋಡಿದಳು. ಆ ಮುಖದಲ್ಲಿದ್ದುದು ಹೆದರಿಕೆ. ಫೋನಿನ ಪರದೆ ಆರಿಸಿದಳು.

"ಒಂದ್ ಐದ್ ನಿಮಿಷ ಭಾಯಿ," ಎಂದು ಜಹಾಂಗೀರನನ್ನು ಅಂಗಳಕ್ಕೆ ಕರೆದೊಯ್ದಳು. ಅಲ್ಲಿ ಕೆಂಪು ಬಾಳೆಯ ಗೊನೆಗಳನ್ನು ಪಿಕಪ್ಪಿಗೆ ಏರಿಸುತ್ತಿದ್ದರು.

"ಅಲ್ಲಿ ಏನ್ ಬರದದ ಚಾಚಾ?"

ಅವನು ಗೊನೆಗಳನ್ನೇ ನೋಡುತ್ತ ಹೇಳಿದ. "ನನ್ನ ಹೆಸರು. ಎಂಬತ್ತಾರನೇ ಇಸವಿ."

ಆಗ ಅವನಿಗೆ ಇಪ್ಪತ್ತೆರಡು. ಸಿಕಂದರಾಬಾದಿನ ಹೋಟೆಲ್ ಬ್ಯಾಂಡಿನ ಹುಸೇನ್ ಸಾಹೇಬರು ಬಿರುಕು ಬಿಟ್ಟ ಬಾಸ್ ತಂದಿದ್ದರು. ಕೆಲಸ ಕಲಿಸುತ್ತಿದ್ದ ಉಸ್ತಾದರು ಊರಿನಲ್ಲಿರಲಿಲ್ಲ. ಮೇಲ್ಹಲಗೆ ಬಿಚ್ಚಿ, ಚರ್ಮ ಕುದಿಸಿ ಮಾಡುವ ಅಂಟಿನಿಂದ ಕೂಡಿಸಬೇಕಿತ್ತು. ಹದಿನೈದು ದಿನದ ಕೆಲಸ. ತಾನೂ ಒಬ್ಬ ಕಾರೀಗರ ಅನ್ನಿಸಿಕೊಳ್ಳಬೇಕೆಂಬ ಅವಸರದಲ್ಲಿ ಜಹಾಂಗೀರ್ ರಂಧ್ರದೊಳಗಿಂದಲೇ ಕೈತೂರಿಸಿ, ಬಡಗಿಗಳ ಬಿಳಿ ಅಂಟಿನಿಂದ ತೇಪೆ ಹಚ್ಚಿ, ಎರಡೇ ದಿನದಲ್ಲಿ ಕೊಟ್ಟುಬಿಟ್ಟ. ಬಿರುಕು ಕೂಡಿಲ್ಲವೆಂದು ಕೊಡುವಾಗಲೇ ಗೊತ್ತಿತ್ತು.

"ಗುಫ್ರಾನ್ ಆ ಹುಸೇನ್ ಸಾಹೇಬರ ಮಗ ಅಂತ ನನಗೇನ್ ಗೊತ್ತು," ಎಂದ. "ನಾ ಹೆಂಗ್ ಹೇಳ್ಲಿ ಬೇಟಿ?"

"ನೀವ್ ಹೇಳ್ಲಿಲ್ಲಂದ್ರ ನಾ ತಗೊಳ್ಳಂಗಿಲ್ಲ. ನಾ ಬಿಟ್ಟ್ ಹೋದ್ರ ಹೋಟೆಲಿನವ್ರು ಒಯ್ತಾರ. ನೀವು ಆರಾಮ ಇರ್ಬಹುದು."

ಅಷ್ಟು ಬಿರುಸಾಗಿ ಹೇಳಬಾರದಿತ್ತು ಅನ್ನಿಸಿತು ಅವಳಿಗೆ. ಜಹಾಂಗೀರ್ ಟೊಪ್ಪಿಗೆ ಸರಿಮಾಡಿಕೊಂಡು ಒಳಗೆ ನಡೆದ.

ಅವನು ನಿಂತೇ ಹೇಳಿದ, ಯಾವುದನ್ನೂ ಬಿಡದೆ. ಗುಫ್ರಾನ್ ಗೋಣಿಚೀಲದ ರಾಶಿಯ ಮೇಲೆ ಕುಳಿತು ಕೇಳಿದ.

"ಆ ವರ್ಷದಿಂದ ಅದು ಗುರ್ ಗುರ್ ಅನ್ಲಾಕ ಹತ್ತಿತ್ತು," ಎಂದ ಅವನು. "ತನ್ನ ಕೈಯೇ ಕೆಟ್ಟದ ಅಂತ ತಿಳ್ಕೊಂಡ್ರು ಅಬ್ಬಾ. ಬ್ಯಾಂಡ್ ಬಿಟ್ಟು ಊರಿಗಿ ಬಂದು ಬಾಳೆ ಮಾರಿದ್ರು. ಸಾಯೂತನಾ ಹಂಗೇ ತಿಳ್ಕೊಂಡಿದ್ರು."

ವಿಜಯಶ್ರೀಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು.

ಗುಫ್ರಾನ್ ಗಡಿಯಾರ ನೋಡಿದ. ಮೂರೂ ಹತ್ತು. "ಸಡಿಲ ಬಿದ್ದಾವಲ್ಲ, ಆ ತಂತಿ ಏರಸ್ರಿ. ಅದರ ದನಿ ನಾ ಕೇಳ್ಬೇಕು. ಇವತ್ತ ದನಿ ಬರಲಿಲ್ಲಂದ್ರ ಅದು ಹೋಟೆಲಿಗೇ ಹೋಗ್ಲಿ."

"ಒಡೀಬಹುದು," ಎಂದ ಜಹಾಂಗೀರ್.

"ಗೊತ್ತದ."

ನಾಲ್ಕು ತಂತಿಗಳು ಪೂರ್ತಿ ಬಿಗಿಯಾದರೆ ಆಳಿಗಿಂತ ಹೆಚ್ಚಿನ ಭಾರದಿಂದ ಎಳೆಯುತ್ತವೆ. ಆ ಎಳೆತದ ಒತ್ತಡ, ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ಮೂಲಕ ಮೇಲ್ಹಲಗೆಯ ಮೇಲೆ ಬೀಳುತ್ತದೆ. ಜಹಾಂಗೀರ್ ಬಾಗಿದ ಕಬ್ಬಿಣದ ಸಲಾಕೆಯಿಂದ ಒಳಗಿನ ಕಂಬವನ್ನು ತಟ್ಟಿ ತಟ್ಟಿ ಬಿರುಕಿನಿಂದ ಎರಡು ಬೆರಳು ಆಚೆ ಸರಿಸಿದ. ಅದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಅವನು ಕೈ ಹೊರಗೆ ತೆಗೆಯಲಿಲ್ಲ.

ವಿಜಯಶ್ರೀ ತಿರುಗಣಿ ಹಿಡಿದಳು. ಕಾಲು ಸುತ್ತು. ನಿಲ್ಲುವುದು. ಕಿವಿಗೊಡುವುದು. ಮತ್ತೆ ಕಾಲು ಸುತ್ತು. ಜಹಾಂಗೀರ್ ಅಂಗೈಯನ್ನು ಮೇಲ್ಹಲಗೆಗೆ ಒತ್ತಿ ಹಿಡಿದಿದ್ದ. ಮೊದಲನೆಯ ತಂತಿ ಸ್ವರಕ್ಕೆ ಬಂತು. ಎರಡನೆಯದೂ ಬಂತು. ಮೂರನೆಯದನ್ನು ಏರಿಸುವಾಗ ಮರ ಕಿರ್ರೆಂದಿತು.

ನಾಲ್ಕನೆಯ ತಂತಿಗೆ ಜಹಾಂಗೀರ್ ಬೇಡವೆಂದು ತಲೆಯಾಡಿಸಿದ. "ಸಾಕು ಬೇಟಿ."

ಅವಳು ಗುಫ್ರಾನನ ಕಡೆ ನೋಡಿದಳು. ಅವನು ಸಾಕೆನ್ನಲಿಲ್ಲ. ಅವಳು ತಿರುಗಿಸಿದಳು.

ಟಕ್ ಎಂದಿತು. ಮೇಲ್ಹಲಗೆಯ ಮೇಲೆ ಉಗುರುದ್ದದ ಗೆರೆಯೊಂದು ಅವರ ಕಣ್ಣೆದುರೇ ಮೂಡಿತು. ಅವಳು ತಿರುಗಣಿ ಬಿಡದೆ ಇನ್ನೊಂದು ಸದ್ದಿಗಾಗಿ ಕಾದಳು. ಬರಲಿಲ್ಲ. ಹಲಗೆ ತಡೆದು ನಿಂತಿತು.

ಕಮಾನನ್ನು ಅವಳೇ ತಂದಿದ್ದಳು. ಅತಿ ದಪ್ಪದ ತಂತಿಯ ಮೇಲೆ ಇಟ್ಟು, ಭಾರ ಹಾಕದೆ, ನಿಧಾನವಾಗಿ ಎಳೆದಳು. ದನಿ ಮೊದಲು ಅವಳ ಹೊಟ್ಟೆಗೆ ತಾಗಿತು, ಆಮೇಲೆ ಕಿವಿಗೆ. ಕಿಟಕಿಯ ತಗಡು ನಡುಗಿತು. ಅಂಗಳದಲ್ಲಿ ಗೊನೆ ಎತ್ತುತ್ತಿದ್ದವರ ಮಾತು ನಿಂತಿತು. ಗುರುಗುಟ್ಟುವಿಕೆ ಇರಲಿಲ್ಲ.

ಗುಫ್ರಾನ್ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಹೋಟೆಲಿನವರು ಬಸ್ ಸ್ಟ್ಯಾಂಡ್ ಹತ್ತಿರ ಬಂದು ದಾರಿ ಕೇಳುತ್ತಿದ್ದರು.

"ಅದು ಮಾರಿ ಹೋಯ್ತ್ರಿ ಸರ್," ಎಂದ ಗುಫ್ರಾನ್. "ಮಾಫ್ ಮಾಡ್ರಿ."

ಫೋನ್ ಇಟ್ಟು ವಿಜಯಶ್ರೀಗೆ ಹೇಳಿದ, "ಒಂದ್ ಮಾತು. ಕೆಡಿಸಿದವ್ರೇ ಸರಿ ಮಾಡ್ಬೇಕು. ಬ್ಯಾರೇವ್ರ ಕೈಯಾಗ ಕೊಡಬ್ಯಾಡ್ರಿ."

ತಂತಿಗಳನ್ನು ಸಡಿಲಿಸಿ, ಬಾಳೆಯ ಒಣ ಎಲೆ ಹಾಸಿದ ಪಿಕಪ್ಪಿನಲ್ಲಿ ಅದನ್ನು ಮಲಗಿಸಿ ಕಲಬುರಗಿಗೆ ತಂದರು. ದಾರಿಯುದ್ದಕ್ಕೂ ಜಹಾಂಗೀರ್ ಹಿಂದೆ ಕುಳಿತು ಅದರ ಕತ್ತು ಹಿಡಿದುಕೊಂಡಿದ್ದ.

ಮೇಲ್ಹಲಗೆ ಬಿಚ್ಚಿದ ದಿನ ವಿಜಯಶ್ರೀ ರಜೆ ಹಾಕಿ ಅಂಗಡಿಯಲ್ಲಿ ಕುಳಿತಳು. ತೆಳ್ಳನೆಯ ಚಾಕು ಅಂಚಿನಲ್ಲಿ ಸರಿದಂತೆಲ್ಲ ಬಿಟ್ಟುಕೊಳ್ಳುತ್ತಿದ್ದ ಹಲಗೆಯನ್ನು ಅವಳು ಹಿಡಿದುಕೊಂಡಳು. ಬಿಳಿ ಅಂಟು ಸುಲಭಕ್ಕೆ ಬಿಡಲಿಲ್ಲ. ತೇಪೆಯನ್ನು ಸಿಬಿರು ಸಿಬಿರಾಗಿ ಕೆತ್ತಿ ತೆಗೆಯಲು ನಾಲ್ಕು ದಿನ ಬೇಕಾಯಿತು. ಒಟ್ಟು ಒಂಬತ್ತು ವಾರ. ಜಹಾಂಗೀರ್ ಬೇರೆ ಕೆಲಸ ಹಿಡಿಯಲಿಲ್ಲ.

ಡಿಸೆಂಬರಿನ ಕಾರ್ಯಕ್ರಮಕ್ಕೆ ಗುಫ್ರಾನ್ ಹೆಂಡತಿಯನ್ನು ಕರೆದುಕೊಂಡು ಹೈದರಾಬಾದಿಗೆ ಬಂದಿದ್ದ. ಜಹಾಂಗೀರನ ಪಕ್ಕದ ಕುರ್ಚಿಯಲ್ಲೇ ಕುಳಿತ. ಆದರೆ ಇಬ್ಬರೂ ಮಾತಾಡಿದ್ದನ್ನು ವಿಜಯಶ್ರೀ ಕಾಣಲಿಲ್ಲ. ಮುಗಿದ ಮೇಲೆ ಗುಫ್ರಾನ್ ವೇದಿಕೆಯ ಹತ್ತಿರ ಬಂದ.

"ಅರ್ಧಾ ಹೊತ್ತು ಸುಮ್ಮನೇ ನಿಂತಿದ್ರಲ್ರಿ," ಎಂದ.

"ಬಾಸಿಗಿ ಹಂಗೇ ಇರ್ತದ ಭಾಯಿ. ಕಾಯೂದೇ ಜಾಸ್ತಿ."

ಅವನು ನಕ್ಕ. ಬಾಗಿಲಲ್ಲಿ ನಿಂತಿದ್ದ ಜಹಾಂಗೀರನನ್ನು ಕೂಗಿ ಕರೆದು, ಊಟಕ್ಕೆ ಎಲ್ಲಿಗೆ ಹೋಗೋಣ ಎಂದು ಕೇಳಿದ.